ಮುಟ್ಟಿದರೆ ಮುನಿ

ಮಾಲ್ಖಾಜನ ಎಡಗೈ ನೋಡಲು ಸರಿಯಾಗಿಯೇ ಇದೆ.
ಅದೇ ತೊಂದರೆ.
ಕಾಲು ಕಳೆದುಕೊಂಡವನಿಗೆ ಕುತೈಸಿಯ ಬಸ್ಸಿನಲ್ಲಿ
ಮುದುಕಿಯರೂ ಎದ್ದು ಸೀಟು ಕೊಡುತ್ತಾರೆ.
ಇವನೋ, ಐದು ಬೆರಳೂ ನೆಟ್ಟಗಿರುವ ಕೈಯನ್ನು
ಮೊಟ್ಟೆಯ ಬುಟ್ಟಿಯಂತೆ ಎದೆಗವಚಿಕೊಂಡು
ಬಾಗಿಲ ಬಳಿ ನಿಂತೇ ಬರುತ್ತಾನೆ.

ಹೆಲ್ಮಂದಿನಲ್ಲಿ ಹೊಕ್ಕ ಚೂರು ಅವರೆಕಾಳಿನಷ್ಟು.
ತೆಗೆದು, ಹೊಲಿದು, ಗಾಯ ಮಾಯ್ದು ಹನ್ನೊಂದು ವರ್ಷ.
ಪದಕವೂ ಬಂತು; ಹೆಂಡತಿ ಅದನ್ನು
ಸೂಜಿದಾರದ ಡಬ್ಬಿಯಲ್ಲಿಟ್ಟಿದ್ದಾಳೆ.
ಯುದ್ಧ ಮುಗಿದ ಸುದ್ದಿ ಮಾತ್ರ
ಮೊಣಕೈಯಿಂದ ಕೆಳಗೆ ಇನ್ನೂ ತಲುಪಿಲ್ಲ.
ಅಂಗಿಯ ತೋಳು ಸೋಕಿದರೆ ಕಾದ ಎಣ್ಣೆ.
ಕಿಟಕಿಯ ಗಾಳಿ ತಾಗಿದರೆ ಗರಗಸ.
ಮಗಳು ತಾತಿಯಾ ಹುಟ್ಟಿದ್ದು ಆಮೇಲೆ.
ಅಪ್ಪನಿಗಿರುವುದು ಬಲಮಗ್ಗುಲು ಒಂದೇ ಎಂದು
ನಡೆಯಲು ಕಲಿಯುವಾಗಲೇ ಕಲಿತಳು.

ನನ್ನ ಕೋಣೆಗೆ ಮೊದಲು ಬಂದ ದಿನ ಕೇಳಿದ:
"ಎಲ್ಲಿ ಕುಯ್ಯುತ್ತೀರಿ?"
ಕುಯ್ಯುವುದಿಲ್ಲ.
"ಸೂಜಿ?"
ಚುಚ್ಚುವುದೂ ಇಲ್ಲ.
"ಮತ್ತೆ?"
ಮೇಜಿನ ಮೇಲೆ ಒಂದೊಂದಾಗಿ ತೆಗೆದಿಟ್ಟೆ:
ಮೊಲದ ತುಪ್ಪಳದ ತುಂಡು, ಹತ್ತಿ, ಒರಟು ಟವೆಲ್ಲು,
ಬಟ್ಟಲ ತುಂಬ ಒಣಗಿದ ಕೆಂಪು ಕಾಳು,
ಬರೀ ಕೈಗಳ ಚಿತ್ರವಿರುವ ಒಂದು ಕಟ್ಟು ಕಾರ್ಡು.
ಶಿಶುವಿಹಾರಕ್ಕೆ ದಾರಿತಪ್ಪಿ ಬಂದವನಂತೆ ನಕ್ಕ.
ಎದ್ದು ಹೋದವನು ಮೂರು ವಾರ ಪತ್ತೆಯಿಲ್ಲ.

ಮತ್ತೆ ಬಂದದ್ದು ದ್ರಾಕ್ಷಿ ಕೊಯ್ಲು ಮುಗಿದ ಮೇಲೆ.
ಕಾರಣ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಮೊದಲು ಕಾರ್ಡು. ಎಡವೋ ಬಲವೋ ಹೇಳಬೇಕು, ಅಷ್ಟೆ.
ಬಲಗೈ ಬಂದರೆ ಥಟ್ಟನೆ ಹೇಳುತ್ತಾನೆ.
ಎಡಗೈ ಬಂದಾಗ ಕಣ್ಣು ತಡವರಿಸುತ್ತದೆ,
ಸಾವಾದ ಮನೆಯ ಮುಂದೆ ನಿಂತು
ಹೆಸರು ಹಿಡಿದು ಕೂಗಲು ಹಿಂಜರಿದಂತೆ.
ಕೈ ಅಲುಗಿಲ್ಲ, ಯಾರೂ ಮುಟ್ಟಿಲ್ಲ,
ಆದರೂ ಹಣೆಯಲ್ಲಿ ಬೆವರು.
ನೋವು ಎಲ್ಲಿ ಮನೆಮಾಡಿದೆಯೆಂದು
ಆಗ ಇಬ್ಬರಿಗೂ ಒಟ್ಟಿಗೇ ತಿಳಿಯಿತು.

ಆಮೇಲೆ ನೆತ್ತಿಯ ಮೇಲೆ ಆಯಸ್ಕಾಂತದ ಸುರುಳಿ.
ಟಕ್ ಟಕ್ ಟಕ್ ಟಕ್.
"ಮರಕುಟಿಗ," ಅಂದ ಮಾಲ್ಖಾಜ. "ಹುಳ ಸಿಕ್ಕಿತೇ?"
ಹುಡುಕುತ್ತಿದೆ, ಅಂದೆ.
ಸಿಗುತ್ತದೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.
ಕೆಲವರಿಗೆ ಇಳಿಯುತ್ತದೆ, ಕೆಲವರಿಗೆ ಇಲ್ಲ;
ಯಾಕೆಂದು ಯಂತ್ರ ಮಾರಿದವನಿಗೂ ಗೊತ್ತಿಲ್ಲ.

ತುಪ್ಪಳ ಮೊದಲು ತೋಳಿನ ಮೇಲೆ, ನೋವಿಲ್ಲದ ಸೀಮೆಯಲ್ಲಿ.
ಅಲ್ಲಿಂದ ವಾರಕ್ಕೊಂದು ಬೆರಳಗಲ, ಗಡಿಯ ಕಡೆಗೆ.
ಗಡಿ ದಾಟಿದ ದಿನ ಅವನು ಬೈದ ಬೈಗುಳ
ಪಕ್ಕದ ಕೋಣೆಯ ಮುದಿ ಸಾರ್ಜೆಂಟನೂ ಕೇಳಿರಲಿಲ್ಲವಂತೆ.
ಬೈಯಿ, ಎಷ್ಟಾದರೂ ಬೈಯಿ,
ಕೈ ಮಾತ್ರ ಎಳೆದುಕೊಳ್ಳಬೇಡ, ಅಂದೆ.
ನರನೂ ನರವೂ ಒಂದೇ ಜಾತಿ:
ಒಮ್ಮೆ ಬೆಚ್ಚಿದ್ದು
ಮತ್ತೆ ನಂಬುವುದು ಬಲು ನಿಧಾನ.

ಹಿಮ ಬಿದ್ದು ರಸ್ತೆ ಕಟ್ಟಿತು; ಎರಡು ವಾರ
ಕಾಳಿನ ಬಟ್ಟಲನ್ನು ಮನೆಗೇ ಒಯ್ದಿದ್ದ.
ಬೆಳಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ
ಬೆರಳು ಊರಿ ಕೂರಬೇಕು.

ಇವತ್ತು ಬಂದಿದ್ದಾನೆ.
ಹತ್ತಕ್ಕೆ ಎಷ್ಟು ನೋವು? ಕೇಳಲೇಬೇಕು, ಫಾರಮ್ಮಿನಲ್ಲಿದೆ.
"ಆರು," ಅಂದ. ಒಂಬತ್ತರಿಂದ ಆರು.
"ನಿನ್ನೆ ರಾತ್ರಿ ಎಂಟಾಗಿತ್ತು, ಬರೆದುಕೊಳ್ಳಬೇಡಿ.
ತಾತಿಯಾಳ ಹಾಲುಹಲ್ಲು ಬಿತ್ತು.
ಹಟಮಾರಿ, ಅದನ್ನು ಕಾಳಿನೊಳಗೆ ಹೂತು
ಎಡಗೈಯಲ್ಲೇ ಹುಡುಕಬೇಕು, ಕಣ್ಣು ಮುಚ್ಚು ಅಂದಳು.
ನಲವತ್ತು ನಿಮಿಷ!"

ಕೋಟಿನ ಜೇಬಿಗೆ ಎಡಗೈ ಇಳಿಸಿದ, ಹಲ್ಲು ಕಚ್ಚಿ.
ಹೊರತೆಗೆದು ನನ್ನ ಫಾರಮ್ಮಿನ ಮೇಲಿಟ್ಟ,
ಕಾಳಿಗಿಂತ ಚಿಕ್ಕದು, ಬುಡದಲ್ಲಿ ಒಂದಿಷ್ಟು ರಕ್ತ.
ಮುಟ್ಟಿ ನೋಡಲು ನಾನು ಕೈ ಚಾಚುವಷ್ಟರಲ್ಲಿ
ಅದೇ ಕೈಯಿಂದ ಎತ್ತಿಕೊಂಡ.